ನಿನ್ನ ಅಮ್ಮನ ಜೊತೆ ಟ್ರಾನಿಯಲ್ಲಿ

20 ಸೆಪ್ಟೆಂಬರ್ 1972

ಸವೇರಿಯೊ,

ನಿನ್ನ ಕಾಗದ ಸುತ್ತಿ ಬಳಸಿ ಕೈಸೇರಿತು. ಕ್ಷೇಮವೇ ಎಂದು ನೀನೂ ಕೇಳಿಲ್ಲ, ನಾನೂ ಕೇಳುವುದಿಲ್ಲ.

ಹೌದು, ಹೋಗಿದ್ದೆ. ತಲೆಗೆ ಬಟ್ಟೆ ಕಟ್ಟದೆ, ಹೂವಿನ ಫ್ರಾಕು ತೊಟ್ಟು, ಟ್ರಾನಿಯ ಬಂದರಿನಲ್ಲಿ ಪರಗಂಡಸಿನ ಜೊತೆ ನಗುತ್ತ ದೋಣಿ ಹತ್ತಿದ್ದೆ. ನಿನ್ನ ಚಿಕ್ಕಪ್ಪನ ಮಗ ರುಜ್ಜೇರೊ ಬರೆದದ್ದೆಲ್ಲ ನಿಜ. ಆದರೆ ನನ್ನ ಪಕ್ಕದಲ್ಲಿ ನಿನ್ನ ಅಮ್ಮ ಇದ್ದದ್ದನ್ನು ಯಾಕೆ ಬಿಟ್ಟನೋ?

ಹೊರಡಿಸಿದವರೇ ಅವರು. ಜರ್ಮನಿಯಲ್ಲಿ ಕೆಲಸ ಜಾಸ್ತಿ, ಈ ಆಗಸ್ಟಿಗೂ ಬರಲಾಗುವುದಿಲ್ಲ ಎಂದು ನೀನು ಕಾರ್ಡು ಹಾಕಿದೆಯಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅದೆಂಥ ಕೆಲಸ ಎಂದು ನಾನು ಕೇಳುತ್ತಿಲ್ಲ. ಅಮ್ಮ ಒಲೆ ಆರಿಸಿ, "ನಾಳೆ ಬಸ್ಸಿಗೆ ಟ್ರಾನಿಗೆ ಹೋಗೋಣ ಕಣೇ ಅಸ್ಸುಂತಾ. ಹುಟ್ಟಿದಾಗಿನಿಂದ ಈ ಬೆಟ್ಟದ ಮೇಲೆ ಕೂತು ಸಮುದ್ರದ ಗೆರೆ ನೋಡಿದ್ದು ಸಾಕು" ಎಂದರು.

ಮೊದಲು ದೊಡ್ಡ ಚರ್ಚಿಗೆ ಹೋದೆವು. ಅಲೆಯ ಹನಿ ಮೆಟ್ಟಿಲಿಗೇ ಸಿಡಿಯುತ್ತಿತ್ತು. ಅಮ್ಮ ಮೇಣದಬತ್ತಿ ಹಚ್ಚಿದರು. ನಿನ್ನ ಹೆಸರಿಗೆಂದುಕೊಂಡು, "ಸವೇರಿಯೊಗಾ?" ಎಂದೆ. "ಅವನಿಗೆ ಹಚ್ಚಿ ಹಚ್ಚಿ ನನ್ನ ಬೆರಳು ಸುಟ್ಟಿದೆ. ಇದು ನಂಗೆ" ಎಂದರು.

ಕೋಟೆಯೊಳಗೆ ಬಿಡಲಿಲ್ಲ, ಅದೀಗ ಜೈಲಲ್ಲವೇ. ಅಮ್ಮ ಅದರ ಸರಳುಗಳನ್ನು ಬಹಳ ಹೊತ್ತು ನೋಡಿದರು. "ಇಲ್ಲಿರೋ ಕಳ್ಳರು ದಿನಾ ಸಮುದ್ರ ನೋಡ್ತಾರಲ್ಲೇ! ನಾನು ಯಾರ ಮನೆ ದೋಚಿದ್ದೆ?"

ಆಮೇಲೆ ಬಂದರಿನ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು, ಹಸಿ ಕಪ್ಪೆಚಿಪ್ಪಿಗೆ ನಿಂಬೆ ಹಿಂಡಿಕೊಂಡು ತಿಂದೆವು. ಮೊದಲನೆಯದಕ್ಕೆ ಅಮ್ಮ ಮುಖ ಕಿವುಚಿದರು. ಆಮೇಲೆ ನನ್ನ ಪಾಲಿಗೂ ಕೈಹಾಕಿದರು. ಆ ಪರಗಂಡಸು ಬಂದದ್ದು ಆಗಲೇ. ನಿಕೊಲಿನೊ ಎಂಬ ದೋಣಿಯವನು, ನಿನ್ನ ಅಪ್ಪ ಬದುಕಿದ್ದರೆ ಅವರಷ್ಟೇ ವಯಸ್ಸು. "ಅಕ್ಕ ಯಾರು, ತಂಗಿ ಯಾರು?" ಎಂದು ಕೇಳಿ ಕಣ್ಣು ಹೊಡೆದ. ನನಗಲ್ಲ ಸವೇರಿಯೊ, ನಿನ್ನ ಅಮ್ಮನಿಗೆ.

ದೋಣಿ ಬಂದರಿನ ಬಾಯಿ ದಾಟಿತು. ಅವರ ಕರಿಯ ತಲೆವಸ್ತ್ರವನ್ನು ಗಾಳಿ ಹಾರಿಸಿತೆಂದು ಊರಲ್ಲಿ ಹೇಳಿದೆವು. ಸುಳ್ಳು. ವಿಧವೆಯಾದಂದಿನಿಂದ ಕಟ್ಟಿದ್ದ ಗಂಟನ್ನು ಅವರೇ ಬಿಚ್ಚಿ ನೀರಿಗೆ ಬಿಟ್ಟರು. ಅವರ ಕೂದಲು ಅಷ್ಟು ಬಿಳಿಯೆಂದು ನನಗೂ ಗೊತ್ತಿರಲಿಲ್ಲ.

ಏನೋ ಕೆಲಸಕ್ಕೆ ಟ್ರಾನಿಗೆ ಬಂದಿದ್ದ ರುಜ್ಜೇರೊ ನಮ್ಮನ್ನು ಕಂಡು ದಡದಲ್ಲಿ ಕಾದು ನಿಂತಿದ್ದ. "ದೊಡ್ಡಮ್ಮ, ಮಾನ ಮರ್ಯಾದೆ ಬೇಡ್ವಾ? ಅಣ್ಣನಿಗೆ ಬರೀತೀನಿ" ಎಂದು ಜನರೆದುರೇ ಕೂಗಾಡಿದ. ಅಮ್ಮ ದೋಣಿಯವನ ಕೈಹಿಡಿದು ಇಳಿಯುತ್ತಲೇ, "ಬರಿಯಪ್ಪ. ನೀನು ಇಲ್ಲಿಂದ ಅಲ್ಲಿಗೆ ಬರೀತೀಯ, ಅಲ್ಲಿನ ಸಂಗತಿ ಮಾತ್ರ ಇಲ್ಲಿಗೆ ಯಾಕೆ ಬರಲ್ಲ?" ಎಂದರು. ಅವನು ಬೆನ್ನು ತಿರುಗಿಸಿ ನಡೆದ.

ಬಸ್ಸಿಗೆ ಹೋಗುವ ದಾರಿಯಲ್ಲಿ ಒಂದು ಬಟ್ಟೆಯಂಗಡಿಯ ಬಾಗಿಲಿಗೆ, ಹೊಲಿಗೆ ಬಲ್ಲ ಹೆಂಗಸು ಬೇಕು, ಮೇಲೆ ಕೋಣೆಯಿದೆ ಎಂದು ಚೀಟಿ ಅಂಟಿಸಿತ್ತು. ನಾನು ಗಟ್ಟಿಯಾಗಿ ಓದಿ ಮುಂದೆ ನಡೆದೆ. ಅಮ್ಮ ನಡೆಯಲಿಲ್ಲ, ರಟ್ಟೆ ಹಿಡಿದು ಒಳಗೆ ನೂಕಿದರು. ಅಂಗಡಿಯಾಕೆ ನಾನು ತೊಟ್ಟಿದ್ದ, ನಾನೇ ಹೊಲಿದ ಫ್ರಾಕು ನೋಡಿ ಮೆಚ್ಚಿ, "ಗಂಡ ಒಪ್ತಾನಾ?" ಎಂದಳು. "ಗಂಡನ ತಾಯಿ ಒಪ್ಪಿದ್ದಾಳೆ. ಅವಳು ನಾನೇ" ಎಂದರು ಅಮ್ಮ.

ನಿನ್ನ ಮನೆಗೆ ಬೀಗ ಹಾಕಿ, ಕೀಲಿಯನ್ನು ಪಾದ್ರಿಗಳ ಕೈಗೆ ಕೊಟ್ಟು, ಆ ಅಂಗಡಿಯ ಮೇಲಿನ ಕೋಣೆಗೆ ಬಂದಿದ್ದೇವೆ. ಒಂದೇ ದಿನ ಊರು ನೋಡಲು ಹೋದವಳಿಗೆ ಕ್ಷಮೆ ಕೇಳೆಂದು ಬರೆದಿದ್ದೀಯ. ಕೇಳುವುದಿಲ್ಲ. ಈಗ ದಿನವೂ ನೋಡುತ್ತಿದ್ದೇನೆ.

ನಿನ್ನ ಅಪ್ಪಣೆಗೆ ಕಾಯದ,
ಅಸ್ಸುಂತಾ

ಮರೆತ ಮಾತು: ಅಮ್ಮ ಪಕ್ಕದಲ್ಲಿ ಕೂತು ಹೇಳಿ ಬರೆಸುತ್ತಿದ್ದಾರೆ. "ಸವೇರಿಯೊ, ಅಲ್ಲಿ ನಿನಗೊಬ್ಬಳಿದ್ದಾಳೆ, ಒಂದು ಹೆಣ್ಣುಮಗೂನೂ ಇದೆ ಅಂತ ರುಜ್ಜೇರೊ ಈಸ್ಟರ್ ದಿನ ಕುಡಿದು ಬಾಯಿಬಿಟ್ಟ. ನಮ್ಮಿಬ್ಬರಿಗೂ ಗೊತ್ತು. ಮಗೂದೇನೂ ತಪ್ಪಿಲ್ಲ, ಫೋಟೋ ಕಳಿಸು. ಕರ್ಕೊಂಡು ಬಂದ್ರೆ ಸಮುದ್ರ ತೋರಿಸ್ತೀನಿ. ನೀನು ಮಾತ್ರ ಬಾಗಿಲು ತಟ್ಟಿ, ಅಸ್ಸುಂತಾನೇ ಒಳಗೆ ಬಾ ಅನ್ನೋವರೆಗೂ ಮೆಟ್ಟಿಲ ಮೇಲೇ ನಿಂತಿರು."