ಆಯಮ್ಮ ಹಾಕಿದ ನೀರು

ಜೂನ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನೀನು ಮೇಲಿಂದ ಮೇಲೆ ಕಾಗದ ಬರೆದರೂ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೋ, ನಿನಗೆ ಹಕ್ಕಿದೆ. ಆ ಸಿಟ್ಟನ್ನು ಹಾಸ್ಟೆಲಿನ ಹುಡುಗಿಯರ ಮೇಲೆ ಮಾತ್ರ ತೀರಿಸಬೇಡ, ಪಾಪ, ವಾರ್ಡನ್ನಮ್ಮನ ತಂಗಿ ಸೋಮಾರಿಯಾದರೆ ಅವರೇನು ಮಾಡಿಯಾರು. ಪುಟ್ಟಿ ಹಾಲು ಕುಡಿದು ಮಲಗಿದ್ದಾಳೆ. ಅತ್ತೆ ಚರ್ಚಿಗೆ ಹೋಗಿದ್ದಾರೆ. ಹೊಲಿಗೆ ಮಿಷನ್ನಿನ ಮೇಲೆ ಹಾಳೆ ಹರಡಿಕೊಂಡು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಯೂನಿಫಾರಂ ಬಟ್ಟೆಯ ರಾಶಿ ನನ್ನನ್ನೇ ನೋಡುತ್ತಾ ಬಿದ್ದಿದೆ. ಬಿದ್ದಿರಲಿ.

ಮೊದಲು ಒಳ್ಳೆಯ ಸುದ್ದಿ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಪುಟ್ಟಿಯದು. ಮಗುವಿನ ಪರವಾಗಿ ನಿಲ್ಲುವ ಜ್ಞಾನತಾಯಿ ನೀನೇ. ಅವಳು ಹೊಟ್ಟೆಯಲ್ಲಿದ್ದಾಗಲೇ ಆಡಿದ ಮಾತು, ಅದರಲ್ಲಿ ಬದಲಿಲ್ಲ. ಶನಿವಾರವೇ ಬಂದುಬಿಡು. ರಜೆ ಕೊಡದಿದ್ದರೆ ಜ್ವರ ಅಂತ ಹೇಳು, ಆ ಸುಳ್ಳಿನ ಪಾಪ ನನಗಿರಲಿ. ಹೇಗೂ ನನ್ನ ಖಾತೆಯಲ್ಲಿ ಈಗ ಅದಕ್ಕಿಂತ ದೊಡ್ಡದೊಂದಿದೆ. ಅದನ್ನು ಹೇಳಲಾಗದೆಯೇ ಇಷ್ಟು ದಿನ ಬರೆಯಲಿಲ್ಲ.

ಜ್ಞಾನಸ್ನಾನ ಎಂದು ಬರೆಯದೆ ಬರೀ ‘ಪುಟ್ಟಿಯದು’ ಎಂದದ್ದನ್ನು ಗಮನಿಸಿದೆಯಾ? ಅವಳಿಗೆ ಅದು ಆಸ್ಪತ್ರೆಯಲ್ಲೇ ಆಗಿಹೋಗಿದೆ. ಹೆರಿಗೆಯಾದ ಮಧ್ಯಾಹ್ನ ಅವಳಿಗಳಿಬ್ಬರೂ ನೀಲಿಗಟ್ಟಿದ್ದರು. ತಮ್ಮನನ್ನು ಡಾಕ್ಟರು ಎತ್ತಿಕೊಂಡು ಪಕ್ಕದ ಕೋಣೆಗೆ ಓಡಿದರು. ಪುಟ್ಟಿ ವಾರ್ಡಿನ ಆಯಮ್ಮನ ಕೈಯಲ್ಲಿದ್ದಳು. ಮಗು ಉಳಿಯುವುದಿಲ್ಲ ಅನ್ನಿಸಿದಾಗ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು ಎಂದು ನಮಗೆ ಚಿಕ್ಕಂದಿನಲ್ಲಿ ಉಪದೇಶದ ತರಗತಿಯಲ್ಲಿ ಹೇಳಿಕೊಟ್ಟಿರಲಿಲ್ಲವೇ? ಅಂಥ ಹೊತ್ತಿನಲ್ಲಿ ಅದು ಹೇಗೆ ನೆನಪಾಯಿತೋ! ಆಯಮ್ಮ ನಮ್ಮ ಮತದವರಲ್ಲ. ಆದರೂ ನಾನು ಮಲಗಿದ್ದಲ್ಲಿಂದಲೇ ಕೈಮುಗಿದು ಒಂದೊಂದೇ ಮಾತು ಹೇಳಿಕೊಟ್ಟೆ, ಅವರು ಮೇಜಿನ ಮೇಲಿದ್ದ ಲೋಟದ ನೀರನ್ನು ಪುಟ್ಟಿಯ ನೆತ್ತಿಗೆ ಹಾಕುತ್ತಾ ಹಾಗೆಯೇ ಹೇಳಿದರು. ಅಷ್ಟರಲ್ಲಿ ನರ್ಸು ಬಂದು ಅವಳನ್ನೂ ಎತ್ತಿಕೊಂಡು ಹೋದಳು. ಪುಟ್ಟಿ ಉಳಿದಳು. ಅವನು ಸಂಜೆಯೊಳಗೆ ಹೋದ.

ಅತ್ತೆ ವಾರ್ಡಿಗೆ ಬಂದವರು ನಾನು ಹೇಗಿದ್ದೇನೆಂದು ಕೇಳಲಿಲ್ಲ. ನೀರು ಬೀಳದೆ ಹೋದ ಮಗುವಿಗೆ ಸ್ವರ್ಗದ ಬಾಗಿಲು ತೆರೆಯದು ಎಂದು ನಂಬಿದವರು, ಮೊಮ್ಮಗನಿಗೆ ನೀರು ಬಿತ್ತಾ ಎಂದು ಕೇಳಿದರು. ಅವರ ಮುಖ ನೋಡಿ ನಾನು, “ಇಬ್ಬರಿಗೂ ಆಯ್ತು ಅತ್ತೆ” ಅಂದುಬಿಟ್ಟೆ. ಅವರು ಗೋಡೆಗೆ ಒರಗಿ ಕೂತು ಜಪಸರ ತೆಗೆದರು. ಆ ಮಾತೊಂದನ್ನು ಹಿಡಿದುಕೊಂಡೇ ಅವರು ಇಷ್ಟು ದಿನ ಅನ್ನ ತಿಂದಿದ್ದಾರೆ ಅಕ್ಕ. ಅದು ಸುಳ್ಳು ಎನ್ನುವುದು ನಿನಗೂ ಗೊತ್ತಿರಲಿಲ್ಲ, ನಮ್ಮ ಯಜಮಾನರು, ಇವರಿಗೂ ಗೊತ್ತಿಲ್ಲ.

ಈಗ ಫಾದರ್ ಏನೆಂದರು ಗೊತ್ತಾ? ಒಮ್ಮೆ ಆದ ಜ್ಞಾನಸ್ನಾನವನ್ನು ಮತ್ತೆ ಮಾಡುವ ಹಾಗಿಲ್ಲವಂತೆ. ಭಾನುವಾರ ಎಣ್ಣೆ ಹಚ್ಚುವುದು, ಬಿಳಿ ಬಟ್ಟೆ, ಮೇಣದಬತ್ತಿ, ಜ್ಞಾನತಂದೆ ಜ್ಞಾನತಾಯಿ ಮಾತು ಕೊಡುವುದು, ಇಷ್ಟೇ ಬಾಕಿ. ನನಗೂ ಸಮಾಧಾನವಾಯಿತು. ಆಮೇಲೆ ಮೆತ್ತಗೆ, ನೀರು ಸರಿಯಾಗಿ ಹರಿಯಿತೇ, ಮಾತು ಸರಿಯಾಗಿ ಆಡಿದರೇ ಎಂದು ಹಾಕಿದವರನ್ನೇ ಕೇಳಬೇಕು, ಅವರನ್ನು ಕರೆತನ್ನಿ ಅಂದರು. ಅತ್ತೆ ತಕ್ಷಣ, ಇಬ್ಬರದ್ದೂ ಕೇಳಿಬಿಡಿ ಫಾದರ್, ನಾನೂ ಬಂದು ಕೂರುತ್ತೇನೆ ಅಂದರು.

ಸಾಲದ್ದಕ್ಕೆ ಗಡಿಯಾರದ ಮಾವ. ಗೊತ್ತಲ್ಲ, ಅತ್ತೆಯ ತಮ್ಮ, ಗಡಿಯಾರ ರಿಪೇರಿ ಅಂಗಡಿಯವರು. ಹುಡುಗಿಗೆ ನೀನು, ಹುಡುಗನಿಗೆ ಅವರು ಎಂದು ಮಾತಾಗಿತ್ತು. ಈಗ ಪುಟ್ಟಿಗೇ ಜ್ಞಾನತಂದೆಯಾಗಿ ನಿಲ್ಲಿ ಎಂದು ಇವರು ಹೋಗಿ ಕೇಳಿದರೆ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, “ನನ್ನ ಹುಡುಗನಿಗೆ ನೀರು ಬಿದ್ದಿದ್ದು ಖಾತ್ರಿಯಾಗಲಿ. ಆಮೇಲೆ ಇನ್ನೊಂದು ಮಗುವಿಗೆ ನಿಲ್ಲೋದು” ಅಂದರಂತೆ. ಇವರು ಲಿಫ್ಟ್ ರಿಪೇರಿಯವರು, ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದೇ ಕೆಲಸ. ನನ್ನನ್ನು ಬಿಡಿಸಲಿಕ್ಕೆ ಅವರಿಗೆ ನಾನು ಸಿಕ್ಕಿಕೊಂಡಿದ್ದೇ ಗೊತ್ತಿಲ್ಲ.

ಮರುದಿನ ಪುಟ್ಟಿಯ ತೂಕ ನೋಡಿಸಬೇಕು ಎಂದು ನೆಪ ಹೇಳಿ ಆಸ್ಪತ್ರೆಗೆ ಹೋದೆ. ಆಯಮ್ಮ ಮೆಟ್ಟಿಲು ಒರೆಸುತ್ತಿದ್ದರು. ಪುಟ್ಟಿಯನ್ನು ನೋಡಿ ಬಕೆಟ್ಟು ಬಿಟ್ಟು ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಗಲ್ಲ ಹಿಡಿದರು. ನಾನು ಅಲ್ಲೇ, ಜನ ಹತ್ತಿ ಇಳಿಯುವ ಮೆಟ್ಟಿಲ ಮೇಲೆ, ನಾಚಿಕೆ ಬಿಟ್ಟು ಹೇಳಿದೆ: ಇಬ್ಬರಿಗೂ ಹಾಕಿದೆ ಎಂದು ಫಾದರ್ ಮುಂದೆ ಒಂದು ಮಾತು ಹೇಳಿಬಿಡಿ, ಇಲ್ಲದಿದ್ದರೆ ನಮ್ಮತ್ತೆ ಜೀವ ಬಿಟ್ಟಾರು ಎಂದು. ಆಯಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬರುತ್ತೇನೆ ಎಂದಷ್ಟೇ ಹೇಳಿ ಬಕೆಟ್ಟು ಎತ್ತಿಕೊಂಡರು. ಹೊಲಿದ ಅಂಗಿಯೊಂದಕ್ಕೆ ಎರಡೂ ಎಡತೋಳು ಕೂರಿಸಿದ್ದೇನೆ ನೋಡು, ಅಷ್ಟು ತಲೆ ಕೆಟ್ಟಿತ್ತು.

ನಿನ್ನೆ ಫಾದರ್ ಕೋಣೆಯಲ್ಲಿ ಎಲ್ಲರೂ ಕೂತೆವು. ಅತ್ತೆ ಕುರ್ಚಿಯ ತುದಿಯಲ್ಲಿ, ಮಾವ ಬಾಗಿಲ ಬಳಿ ನಿಂತೇ, ಇವರು ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು. ಆಯಮ್ಮ ಒಗೆದ ಸೀರೆ ಉಟ್ಟು, ಚಪ್ಪಲಿ ಹೊರಗೆ ಬಿಟ್ಟು ಬಂದರು. ಪುಟ್ಟಿಗೆ ಏನು ಹೇಳಿದಿರಿ ಎಂದು ಫಾದರ್ ಕೇಳಿದ್ದೇ ತಡ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎಂದು ಒಂದಕ್ಷರ ತಪ್ಪದೆ ಒಪ್ಪಿಸಿದರು. ನಮ್ಮ ಇವರಿಗೆ ಈಗಲೂ ಅಷ್ಟು ಸರಿಯಾಗಿ ಬರುವುದಿಲ್ಲ. ಫಾದರ್ ನಕ್ಕರು. ನಾನು ನಗಲಿಲ್ಲ. ಅತ್ತೆ ಮುಂದಕ್ಕೆ ಬಾಗಿದ್ದರು.

“ಗಂಡು ಮಗುವಿಗೆ?” ಅಂದರು ಫಾದರ್.

ಆಯಮ್ಮ ನನ್ನ ಕಡೆ ನೋಡಲೇ ಇಲ್ಲ. “ಅವನಿಗೂ ಹಾಕ್ದೆ ಸ್ವಾಮಿ.”

“ಇದೇ ಮಾತು ಹೇಳಿದಿರಾ?”

“ಇಲ್ಲ. ಅಷ್ಟು ಉದ್ದದ್ದು ಆವಾಗ ಬಾಯಿಗೆ ಬರ್ಲಿಲ್ಲ. ನಿಮ್ಮಕ್ಕನಿಗೆ ಹೇಳಿದ್ದೇ ನಿನಗೂ ಕಣಪ್ಪ, ಅಂದೆ.”

ಮಾತು ತಪ್ಪಿದರೆ ಜ್ಞಾನಸ್ನಾನ ಆಗುವುದಿಲ್ಲ ಎಂದು ಅತ್ತೆಗೆ ಚೆನ್ನಾಗಿ ಗೊತ್ತು. ನನಗೆ ಆಯಮ್ಮನ ಮೇಲೆ ಕೆಟ್ಟ ಕೋಪ ಬಂತು. ಸುಳ್ಳು ಹೇಳುವುದೇ ಆದರೆ ಪೂರ್ತಿ ಹೇಳಬಾರದೇ, ಅರ್ಧಕ್ಕೆ ಯಾಕೆ ನಿಜದ ಬಣ್ಣ ಬಳಿಯಬೇಕು ಎಂದು ಹಲ್ಲು ಕಚ್ಚಿಕೊಂಡೆ. ಫಾದರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, “ಇವರು ಮರೆತ ಮಾತು ದೇವರಿಗೆ ನೆನಪಿರುತ್ತೆ ಅಮ್ಮ. ಆ ಮಗುವಿನ ಚಿಂತೆ ಬಿಡಿ” ಅಂದರು. ಅಷ್ಟೇ. ಮುಂದೆ ಏನನ್ನೂ ಕೇಳಲಿಲ್ಲ.

ಅತ್ತೆ ಎದ್ದು ಹೋಗಿ ಆಯಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತರು. ಅವನು ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಮಾವ ಬಾಗಿಲಿನಿಂದ ಬಂದು ಇವರ ಹೆಗಲಿಂದ ಪುಟ್ಟಿಯನ್ನು ತೆಗೆದುಕೊಂಡು, ಭಾನುವಾರ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದರು. ಆಯಮ್ಮನೂ ಜ್ಞಾನತಾಯಿಯಾಗಿ ನಿಲ್ಲಬಹುದೇ ಎಂದು ನಾನು ಕೇಳಿದೆ. ನೀರು ಹಾಕಲು ಯಾರಾದರೂ ಆದೀತು, ಜ್ಞಾನತಾಯಿ ಮಾತ್ರ ನಮ್ಮ ಸಭೆಯವಳೇ ಆಗಬೇಕಂತೆ. ಇರಲಿ, ಮುಂದಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂರುತ್ತಾರೆ. ಅದು ಅತ್ತೆಯದೇ ಅಪ್ಪಣೆ.

ನೀನು ಬರುವಾಗ ನಿನ್ನ ಚರ್ಚಿನ ಫಾದರ್ ಹತ್ತಿರ ಜ್ಞಾನತಾಯಿಗೆ ಬೇಕಾದ ಚೀಟಿ ಬರೆಸಿಕೊಂಡು ಬಾ, ಮರೆಯಬೇಡ. ಬಿಳಿ ಬಟ್ಟೆ ನಾನೇ ಹೊಲಿದಿದ್ದೇನೆ, ನೀನು ತರಬೇಡ. ದೇವರು ನಿನ್ನನ್ನು ಸುಖವಾಗಿ ನಮ್ಮ ಬಾಗಿಲಿಗೆ ತಲುಪಿಸಲಿ, ನೀನು ಬಂದು ಪುಟ್ಟಿಯ ತಲೆಯ ಮೇಲೆ ಕೈ ಇಡು, ನನ್ನ ತಲೆಯ ಮೇಲೂ ಇಡು. ಅತ್ತೆ ನಿನ್ನನ್ನು ಕೇಳಿದ್ದಾರೆ.

ನಿನ್ನ ದಾರಿ ಕಾಯುತ್ತಾ,
ನೀನು ಕರೆಯುವ ಸೂಜಿಮೆಣಸು

ಮತ್ತೆ ಬರೆದದ್ದು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಿನ್ನೆ ಆಯಮ್ಮನನ್ನು ಗೇಟಿನವರೆಗೆ ಬಿಡಲು ಹೋಗಿದ್ದೆ. ಕೋಪ ಇಳಿದಿತ್ತು, ನನಗಾಗಿ ಸುಳ್ಳು ಹೇಳಿದಿರಲ್ಲ ಎಂದು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನ ತೋಳು ಹಿಡಿದು ಎಬ್ಬಿಸಿದರು. “ಸುಳ್ಳಲ್ಲಮ್ಮಾ, ಹಾಕಿದ್ದು ನಿಜ. ಒರೆಸಿ ಬಟ್ಟೆ ಹಾಕೋದಕ್ಕೆ ಅಂತ ಸಂಜೆ ನನ್ನ ಕೈಗೆ ಕೊಟ್ರು. ಅಕ್ಕನಿಗೆ ಆಗಿದೆ, ಇವನಿಗೆ ಯಾಕೆ ಇಲ್ಲ ಅನ್ನಿಸ್ತು. ಮಗು ತಣ್ಣಗಿತ್ತು, ಅದಕ್ಕೇ ನೀರು ಸ್ವಲ್ಪ ಬಿಸಿ ಮಾಡ್ಕೊಂಡೆ.”

ಜೀವ ಇಲ್ಲದ ಮಗುವಿಗೆ ಹಾಕಿದ ನೀರು ಜ್ಞಾನಸ್ನಾನವಲ್ಲ. ಅದು ನನಗೂ ಗೊತ್ತು, ನಿನಗೂ ಗೊತ್ತು. ಅತ್ತೆಗೆ ಗೊತ್ತಾಗುವುದು ಬೇಡ. ಆದರೆ ಅಕ್ಕ, ಎದೆಯಲ್ಲಿ ಚುಚ್ಚುತ್ತಿರುವುದು ಅದಲ್ಲ. ಅವತ್ತು ನನ್ನನ್ನು ಹಾಸಿಗೆಯಿಂದ ಏಳಲು ಬಿಡಲಿಲ್ಲ, ಅವನನ್ನು ನನಗೆ ತೋರಿಸಲೂ ಇಲ್ಲ. ನಾನು ಹೆತ್ತವಳು ಅವನನ್ನು ಒಂದು ಸಲವೂ ಮುಟ್ಟಿಲ್ಲ. ಆಯಮ್ಮ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾರೆ. ಹೇಗಿದ್ದ ಎಂದು ಗೇಟಿನ ಹತ್ತಿರ ಕೇಳಬೇಕೆಂದುಕೊಂಡೆ, ಬಾಯಿ ಏಳಲಿಲ್ಲ. ಭಾನುವಾರ ಅವರು ಬರುತ್ತಾರೆ. ಅವನಿಗೆ ತಲೆತುಂಬ ಕೂದಲಿತ್ತಾ, ಯಾರ ಹಾಗೆ ಇದ್ದ, ನೀನೇ ಮೆಲ್ಲಗೆ ಕೇಳಿ ನನಗೆ ಹೇಳು.