ಹಳದಿ ಕೋಟಿನ ಬೆನ್ನು ಹತ್ತಿ

ಹಿಲ್ಡಾ ಅಕ್ಕಾ,

ಇವತ್ತು ನಮ್ಮ ನಡಿಗೆ ಸಂಘದವರು ಎಸೆಕ್ಸಿನಲ್ಲಿ ನದಿ ಕಡಲು ಸೇರುವ ಅಳಿವೆಯ ದಂಡೆಗುಂಟ ಇಡೀ ದಿನ ನಡೆದೆವು. ಮಂಜಿನಲ್ಲಿ ಮುಂದೆ ಕಂಡ ಹಳದಿ ಕೋಟಿನವನೇ ನಮ್ಮ ಮುಂದಾಳು ಕ್ಲೆಮೆಂಟ್ ಎಂದುಕೊಂಡು ಸಾಲಾಗಿ ಹಿಂಬಾಲಿಸಿದೆವು. ಅವನು ದಾರಿ ಬಿಟ್ಟು ಕೆಸರಿಗಿಳಿದಾಗಲೂ ಕೇಳಲು ಎಲ್ಲರಿಗೂ ಸಂಕೋಚ. ಮೊಣಕಾಲಿನವರೆಗೆ ಹೂತ ಮೇಲೆ ಅವನೇ ತಿರುಗಿದ.

"ಕ್ಷಮಿಸಿ, ನಾನು ಗಾಳಕ್ಕೆ ಹುಳ ಅಗೆಯೋಕೆ ಬಂದವನು. ನೀವೆಲ್ಲ ಯಾಕೆ ಬರ್ತಿದೀರಿ?"

"ಹಾಗಾದ್ರೆ ಕ್ಲೆಮೆಂಟ್ ಎಲ್ಲಿ?" ಎಂದು ಕಿರುಚಿದೆ.

ಸಾಲಿನ ಕೊನೆಯಲ್ಲಿ ಒಂದು ಕೈ ಮೇಲೆದ್ದಿತು. "ಇಲ್ಲೇ ಇದೀನಿ, ಎನಿಡ್. ಎಲ್ಲರೂ ಅಷ್ಟು ಖುಷಿಯಾಗಿ ಹೋಗ್ತಿದ್ರಲ್ಲ, ಯಾಕೆ ತಡೀಲಿ ಅಂತ..."

ಉಬ್ಬರ ಏರುತ್ತಿತ್ತು, ಹುಳದವನೇ ನಮ್ಮನ್ನು ದಡ ಸೇರಿಸಿದ. ನನ್ನ ಎಡಗಾಲಿನ ಬೂಟು ಹೋಯಿತು, ಮಂಡಿಗೇನೂ ಆಗಿಲ್ಲ. ಚಹಾ ಕುಡಿಯುತ್ತಾ ಬರುವ ವರ್ಷಕ್ಕೂ ಮುಂದಾಳಾಗಿ ಕ್ಲೆಮೆಂಟನನ್ನೇ ಆರಿಸಿದೆವು. ಎದುರಿಗೇ ಕೂತಿದ್ದ, ಬೇಡ ಎನ್ನುವುದು ಹೇಗೆ?

ನಿನ್ನ ತಂಗಿ,
ಎನಿಡ್