ಒಂದು ತೂತಿಗೆ ಅಪ್ಪಣೆ

ಲಾಂಗ್ನೌ, ಸ್ವಿಟ್ಜರ್ಲೆಂಡ್
೧೪ ಮಾರ್ಚ್ ೧೯೯೮

ಮಾನ್ಯ ಹೋಲ್ಕಂಬ್ ಅವರಿಗೆ,

ಅಮೆರಿಕದಿಂದ ನಮ್ಮ ಯಜಮಾನರಿಗೆ ನೀವು ಬರೆದ ಪತ್ರ ತಲುಪಿತು. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಹಾಗಾಗಿ ಉತ್ತರ ನಾನು ಬರೆಯುತ್ತಿದ್ದೇನೆ.

ನೀವು ಕೊಂಡ ಹಳೆಯ ಸೈನ್ಯದ ಬಂದೂಕು ಅವರದೇ. ಅದರ ಮರದ ಹಿಡಿಯ ಹಿಂಬದಿಯ ತಗಡಿನಡಿ ಸಿಕ್ಕ ಚೀಟಿಯೂ ಅವರ ಕೈಬರಹದ್ದೇ. ಇಲ್ಲಿನ ಸೈನಿಕರು ಹೆಸರು, ವಿಳಾಸ ಬರೆದು ಹಾಗೆ ಇಡುತ್ತಿದ್ದರು.

ಗುರಿ ನೋಡುವ ದುರ್ಬೀನು ಕೂರಿಸಲು ಬಂದೂಕಿಗೆ ತೂತು ಕೊರೆಯಬಹುದೇ, ಇಲ್ಲ ಕೊರೆಯದೆ ಬಿಗಿಯುವ ಪಟ್ಟಿ ಸಾಕೇ ಎಂದು ಅವರನ್ನು ಕೇಳಿದ್ದೀರಿ. ಬಿಗಿಯುವುದನ್ನೇ ಕೊಳ್ಳಿ. ದುರ್ಬೀನು ತುಸು ಎಡಕ್ಕೆ ಕೂರುತ್ತದೆ, ಹಿಡಿಗೆ ಒತ್ತುವ ಕೆನ್ನೆಗೆ ರೂಢಿಯಾಗಲು ವಾರ ಬೇಕು, ಅಷ್ಟೆ. ಮೂವತ್ತು ವರ್ಷ ಗುರಿ ಅಭ್ಯಾಸದ ಮೈದಾನದಲ್ಲಿ ಅಂಕ ಬರೆದವಳು ಹೇಳುತ್ತಿದ್ದೇನೆ.

ಬಂದೂಕು ಮಾರಿದವನು ನಮ್ಮ ಮಗ ಉರ್ಸ್, ಅವರು ಆಸ್ಪತ್ರೆಯಲ್ಲಿದ್ದಾಗ. ಮನೆಗೆ ಬಂದ ಮೇಲೆ ಅವರು ಪ್ರತಿ ಶನಿವಾರ "ಬಂದೂಕು ಬಂತೇನೇ?" ಎನ್ನುತ್ತಿದ್ದರು. "ರಿಪೇರಿಗೆ ಕೊಟ್ಟಿದೀನಪ್ಪ, ನಿಂಗೀಗ ಯಾವ ಯುದ್ಧಕ್ಕೆ ಹೋಗೋದಿದೆ?" ಎಂದು ಉರ್ಸ್ ನಗುತ್ತಿದ್ದ. "ಬರುತ್ತೆ ಬಿಡಿ" ಎಂದು ನಾನೂ ಎರಡು ವರ್ಷ ಹೇಳಿದೆ.

ಕಡಲಾಚೆಯ ನೀವು ಒಂದು ತೂತಿಗೆ ಅವರ ಅಪ್ಪಣೆ ಕೇಳಿದಿರಿ. ಈ ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳಲಿಲ್ಲ.

ಚೀಟಿಯ ಕೊನೆಯ ಸಾಲಿನ ಅರ್ಥವೇನೆಂದು ಕೇಳಿದ್ದೀರಿ. "ಕಳೆದು ಯಾರಿಗಾದರೂ ಸಿಕ್ಕರೆ ನನ್ನ ಹೆಡ್ವಿಗ್‌ಗೆ ಮುಟ್ಟಿಸಿ, ಅವಳು ಜೋಪಾನ ಮಾಡುತ್ತಾಳೆ" ಎಂದಿದೆ.

ದಯವಿಟ್ಟು ಅದನ್ನು ಇದ್ದಲ್ಲೇ ಇಟ್ಟು ತಗಡು ಬಿಗಿಯಿರಿ. ನನಗೆ ಕಳಿಸಬೇಡಿ.

ಇತಿ,
ಹೆಡ್ವಿಗ್ ಎಬಿ